ತಾರಸಿಯ ಬಸಳೆ ಮತ್ತು ನನ್ನ ಒಂದು ಫೋನು

ಸೊಳ್ಳೆ ನನ್ನ ಮೊಣಕಾಲಿನ ಮೇಲೆ ಕೂತದ್ದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ. ಬೇರೆ ಯಾರಾದರೂ ಆಗಿದ್ದರೆ ಒಂದೇಟು ಹೊಡೆದು, ಕೈ ಒರೆಸಿಕೊಂಡು, ಚಹಾ ಮುಗಿಸುತ್ತಿದ್ದರು. ನಾನು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದೆ. ಅದರ ಕಾಲುಗಳ ಮೇಲೆ ಬಿಳಿ ಪಟ್ಟೆ ಇತ್ತು. ಹಗಲು ಹೊತ್ತು ಕಚ್ಚುವ ಪಟ್ಟೆಯ ಸೊಳ್ಳೆ ಯಾವುದೆಂದು ಪೇಪರಿನಲ್ಲಿ, ಆಸ್ಪತ್ರೆಯ ಗೋಡೆಯ ಮೇಲೆ, ಮೊಬೈಲಿನಲ್ಲಿ, ಎಲ್ಲ ಕಡೆ ಓದಿಕೊಂಡವನು ನಾನು. ಅದೇ ಹೌದೆಂದು ಖಚಿತ ಮಾಡಿಕೊಳ್ಳುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿ ಹಾರಿಹೋಗಿತ್ತು.

"ಡೆಂಗಿ ಸೊಳ್ಳಿ ಕಚ್ಚಿತು," ಎಂದು ಒಳಗೆ ಹೋಗಿ ಹೆಂಡತಿಗೆ ಹೇಳಿದೆ.

"ಕಚ್ಚೂಕ್ಕಿಂತ ಮೊದಲ ತನ್ನ ಹೆಸರು ಹೇಳಿತೇನ್ರೀ?" ಎಂದಳು ಆಕೆ, ಲಟ್ಟಣಿಗೆಯಿಂದ ಕೈ ತೆಗೆಯದೆ.

ಆಕೆಯನ್ನು ದೂರುವಂತಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನಗೆ ಬಂದಿರುವ, ಅಂದರೆ ಬಂದಿದೆಯೆಂದು ನಾನು ಸಾರಿರುವ ಕಾಯಿಲೆಗಳನ್ನು ಆಕೆ ಎಣಿಸುವುದನ್ನೇ ಬಿಟ್ಟಿದ್ದಾಳೆ. ನನ್ನ ಉದ್ಯೋಗವೂ ಅಂಥದ್ದೇ. ಇಲ್ಲಿ ಓಮಾನಿನಲ್ಲಿ, ಖುರುಮಿನ ಒಂದು ಕಚೇರಿಯಲ್ಲಿ ಕೂತು, ಇನ್ನೂ ಕಟ್ಟದ ಕಟ್ಟಡಗಳಿಗೆ ಬೆಂಕಿ ಬಿದ್ದರೆ ಜನ ಯಾವ ಬಾಗಿಲಿನಿಂದ ಓಡಬೇಕೆಂದು ನಕ್ಷೆಗಳಲ್ಲಿ ಪರಿಶೀಲಿಸುತ್ತೇನೆ. ಮದುವೆಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಹಿಂಬಾಗಿಲಿನ ಕಡೆ, ಆಮೇಲೆ ಮದುಮಕ್ಕಳ ಕಡೆ.

ಹಾಗಾಗಿ ಆರೋಗ್ಯ ಇಲಾಖೆಯ ಸಹಾಯವಾಣಿಗೆ ಫೋನು ಮಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ಸೌಜನ್ಯದಿಂದ ನನ್ನ ಮೊಣಕಾಲಿನ ಕಥೆಯನ್ನು ಕೇಳಿದಳು. ಜ್ವರ ಇದೆಯೇ ಎಂದಳು. ಇಲ್ಲ, ಆದರೆ ಬರಬಹುದು ಎಂದೆ. ಹತ್ತಿರದಲ್ಲಿ ಎಲ್ಲಾದರೂ ನೀರು ನಿಂತಿದೆಯೇ ಎಂದಳು.

"ಇದೆ. ತಾರಸಿಯ ಮೇಲೆ ಮೂರು ಡ್ರಮ್ಮು," ಎಂದುಬಿಟ್ಟೆ.

ದೂರು ಕೊಟ್ಟವರ ಹೆಸರನ್ನು ಯಾರಿಗೂ ಹೇಳುವುದಿಲ್ಲ ಎಂದು ಆಕೆ ಭರವಸೆ ಕೊಟ್ಟಳು. 'ದೂರು' ಎಂಬ ಮಾತು ಕೇಳಿದಾಗಲೇ ನಾನು ಏನು ಮಾಡಿದ್ದೇನೆಂದು ನನಗೆ ಹೊಳೆದದ್ದು. ಆ ಮೂರು ಡ್ರಮ್ಮುಗಳು ನಮ್ಮ ಮೇಲಿನ ಮನೆಯ ಪೊರ್ಬುಗಳವು.

ಕರಾವಳಿಯಲ್ಲಿ ಕ್ರೈಸ್ತ ಗಂಡಸರನ್ನು ಗೌರವದಿಂದ ಪೊರ್ಬುಗಳು ಅನ್ನುತ್ತಾರೆ, ಹೆಂಗಸರನ್ನು ಬಾಯಮ್ಮ ಅನ್ನುತ್ತಾರೆ. ಧಾರವಾಡದವನಾದ ನಾನು ಇದನ್ನು ಕಲಿತದ್ದು ಅಲ್ ಹೈಲ್‌ಗೆ ಬಂದ ಮೇಲೆ. ನಮ್ಮದು ನಾಲ್ಕು ಮನೆಗಳ ಚಿಕ್ಕ ಕಟ್ಟಡ. ಪೊರ್ಬುಗಳು ಉಡುಪಿ ಕಡೆಯವರು, ಘಾಲಾದ ಗ್ಯಾರೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ ಕೀಪರ್. ಅವರ ಹೆಂಡತಿ ಬಾಯಮ್ಮ ತಾರಸಿಯ ಒಡತಿ. ಮೀನಿನಂಗಡಿಯವರು ಬಿಸಾಡುವ ಬಿಳಿ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಮಣ್ಣು ತುಂಬಿ, ಅಲ್ಲಿ ಅವರು ಹರಿವೆ, ಬೆಂಡೆ, ಅಲಸಂದೆ, ನಾಲ್ಕು ಬುಡ ಮಲ್ಲಿಗೆ ಬೆಳೆಸಿದ್ದರು. ಹಳೆಯ ಅಲ್ಯೂಮಿನಿಯಂ ಸರಳುಗಳ ಚಪ್ಪರಕ್ಕೆ ಬಸಳೆ ಹಬ್ಬಿತ್ತು. ಎಲೆ ಒಂದೊಂದೂ ಅಂಗೈ ಅಗಲ. ಆಗಸ್ಟಿನ ಬಿಸಿಲಿನಲ್ಲಿ ಈ ದೇಶದ ತಾರಸಿಯ ಮೇಲೆ ಹಸಿರು ಉಳಿಯುವುದೆಂದರೆ ಸಣ್ಣ ಮಾತಲ್ಲ. ಅದರ ಗುಟ್ಟು ಆ ಡ್ರಮ್ಮುಗಳಲ್ಲಿತ್ತು. ಇಡೀ ಕಟ್ಟಡದ ಎ.ಸಿ.ಗಳಿಂದ ತೊಟ್ಟಿಕ್ಕುವ ನೀರನ್ನು ಪೊರ್ಬುಗಳು ಪೈಪು ಕಟ್ಟಿ, ಗ್ಯಾರೇಜಿನಿಂದ ತಂದ ನೀಲಿ ಡ್ರಮ್ಮುಗಳಿಗೆ ಇಳಿಸಿದ್ದರು. ನನ್ನ ಮಲಗುವ ಕೋಣೆಯ ಎ.ಸಿ.ಯ ಬೆವರೂ ಅದರಲ್ಲಿತ್ತು. ಅದಕ್ಕೆ ಪ್ರತಿಯಾಗಿ ವಾರಕ್ಕೊಂದು ಕಟ್ಟು ಬಸಳೆ ನಮ್ಮ ಬಾಗಿಲಿಗೆ ಬರುತ್ತಿತ್ತು.

ಸೋಮವಾರ ನಾಲ್ಕು ಗಂಟೆಗೆ ಇಲಾಖೆಯಿಂದ ಒಬ್ಬರು ಬಂದರು. ಸುಮಾರು ಮೂವತ್ತು ವಯಸ್ಸಿನ ಓಮಾನಿ ಹೆಣ್ಣುಮಗಳು. ಕಪ್ಪು ಅಬಾಯಾ, ಕಾಲಿಗೆ ಬಿಳಿ ಓಟದ ಶೂ, ಕೈಯಲ್ಲಿ ಉದ್ದ ಹಿಡಿಯ ಬಿಳಿ ಸೌಟು. ತಾನು ಡಾಕ್ಟರಲ್ಲ, ಸೊಳ್ಳೆಗಳ ಬಗ್ಗೆ ಓದಿದವಳು ಎಂದು ಮೊದಲೇ ಹೇಳಿದರು. ಬಾಯಮ್ಮ ತಲೆಯಾಡಿಸಿ, "ಬನ್ನಿ ಡಾಕ್ಟ್ರೆ," ಎಂದರು. ನಾನು ಆಫೀಸಿನಿಂದ ಬೇಗ ಬಂದು, ದಿನದ ಮೂರನೆಯ ಸಲ ಜ್ವರ ನೋಡಿಕೊಳ್ಳುತ್ತಿದ್ದವನು, ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡು, ಏನೂ ಗೊತ್ತಿಲ್ಲದವನಂತೆ ತಾರಸಿಗೆ ಹೋದೆ.

ಅಲ್ಲಿ ನಡೆದ ಮಾತು ಇಂಗ್ಲಿಷು, ಹಿಂದಿ, ಅರಬ್ಬಿ ಮೂರನ್ನೂ ಕಲಸಿದ ಗಲ್ಫಿನ ಮಾತು. ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಕೂತಿದೆ.

"ಇದು ಎ.ಸಿ. ನೀರು ಡಾಕ್ಟ್ರೆ," ಎಂದರು ಪೊರ್ಬುಗಳು, ಡ್ರಮ್ಮಿನ ಮುಂದೆ ಅಡ್ಡ ನಿಂತು. "ಗಾಳಿಯಿಂದ ಇಳಿದದ್ದು. ಮಣ್ಣಿಲ್ಲ, ಉಪ್ಪಿಲ್ಲ, ಎಂತದೂ ಇಲ್ಲ. ನಾವು ಗ್ಯಾರೇಜಲ್ಲಿ ಬ್ಯಾಟರಿಗೆ ಹಾಕುದು ಇಂಥದ್ದೇ ನೀರು. ಇದರಲ್ಲಿ ಜೀವ ಹುಟ್ಟುದಿಲ್ಲ. ನಿಮ್ಮ ಸೌಟು ಸುಮ್ಮನೆ ಒದ್ದೆ ಆಗ್ತದೆ."

"ಒದ್ದೆಯಾದರೆ ಒಣಗುತ್ತದೆ," ಎಂದು ಆಕೆ ಸೌಟು ಅದ್ದಿ ಎತ್ತಿದರು. ಬಿಳಿಯ ತಳದ ಮೇಲೆ ಕಂದು ಗೆರೆಗಳು ಬಳುಕುತ್ತ ಮೇಲೆ ಬಂದವು, ತಲೆಕೆಳಗಾಗಿ ನಿಂತವು, ನೆರಳು ಬಿದ್ದ ಕೂಡಲೇ ಕೆಳಗಿಳಿದವು.

"ಅದು ನೀರಿನ ಹುಳ. ನಮ್ಮ ಊರ ಬಾವಿಯಲ್ಲೂ ಉಂಟು."

"ಈಗಷ್ಟೇ ಇದರಲ್ಲಿ ಜೀವ ಹುಟ್ಟುವುದಿಲ್ಲ ಅಂದಿರಿ."

ಪೊರ್ಬುಗಳು ಸೌಟನ್ನೂ ಆಕೆಯನ್ನೂ ನೋಡಿದರು. "ಅದು ಹುಟ್ಟಿದ್ದಲ್ಲ, ಬಂದದ್ದು," ಎಂದರು.

ಎರಡನೆಯ ಡ್ರಮ್ಮಿನಲ್ಲೂ ಹುಳ ಇತ್ತು. ಮೂರನೆಯದರಲ್ಲಿ ಸೌಟು ಅದ್ದುವುದೇ ಬೇಕಾಗಿರಲಿಲ್ಲ, ಮೇಲಿನಿಂದಲೇ ಕಾಣುತ್ತಿತ್ತು. ಆಕೆ ಕಟ್ಟಡದ ಮಾಲೀಕನಿಗೆ ಫೋನು ಹಚ್ಚಿದರು. ಮಾಲೀಕ ಒಳ್ಳೆಯ ಮನುಷ್ಯ. ಬಾಯಮ್ಮನ ಬೆಂಡೆಕಾಯಿ ತಿಂದವನು. ಆದರೂ ಸ್ಪೀಕರಿನಲ್ಲಿ ಅವನ ಮಾತು ಎಲ್ಲರಿಗೂ ಕೇಳಿಸಿತು. ಹನ್ನೆರಡು ದಿನ ಬಿಟ್ಟು, ಶನಿವಾರ, ಮತ್ತೆ ನೋಡಲಿ; ಆಗಲೂ ಹುಳ ಸಿಕ್ಕಿದರೆ ತಾರಸಿಯ ಮೇಲಿನದೆಲ್ಲ ಖಲಾಸ್.

ಬಾಯಮ್ಮ ಬಸಳೆ ಚಪ್ಪರದ ಒಂದು ಸರಳನ್ನು ಹಿಡಿದುಕೊಂಡು ನಿಂತಿದ್ದರು. "ಅಯ್ಯೋ ಸಾಯ್ಬಾ," ಎಂದು ಮೆಲ್ಲಗೆ ದೇವರನ್ನು ಕರೆದರು. "ಹಬ್ಬಕ್ಕೆ ಹದಿನೇಳು ದಿನ ಉಂಟು."

ಸೆಪ್ಟೆಂಬರಿನಲ್ಲಿ ಬರುವ ಮರಿಯಮ್ಮನವರ ಹುಟ್ಟುಹಬ್ಬ ಅವರದು. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂವು ಒಯ್ಯುತ್ತಾರೆ. ಹಬ್ಬದ ದಿನ ಹೊಸ ಭತ್ತದ ಕಾಳನ್ನು ಪಾಯಸಕ್ಕೆ ಬೆರೆಸಿ, ಮೀನು ಮಾಂಸವಿಲ್ಲದ ಊಟ. ಪಲ್ಯಗಳು ಐದೋ ಏಳೋ, ಬೆಸ ಸಂಖ್ಯೆಯಲ್ಲೇ ಆಗಬೇಕು. ಫ್ಲ್ಯಾಟುಗಳಲ್ಲಿ ಬೆಳೆಯುವ ಹತ್ತಾರು ಮಕ್ಕಳ ಬುಟ್ಟಿಗೆ ಹೂವು ಬರುತ್ತಿದ್ದದ್ದು ಈ ತಾರಸಿಯಿಂದ. ಇಲ್ಲವಾದರೆ ಪ್ಲಾಸ್ಟಿಕ್ಕಿನದು. ಒಂದು ವರ್ಷ ಬಾಯಮ್ಮ ಊರಿಗೆ ಹೋಗಿದ್ದಾಗ ಹಾಗೇ ಆಗಿ, ಅದನ್ನು ಅವರು ಇನ್ನೂ ಮರೆತಿರಲಿಲ್ಲ.

ಅಷ್ಟಾದ ಮೇಲೆ ಸೊಳ್ಳೆ ತಜ್ಞೆ ಉಳಿದ ಮನೆಗಳನ್ನೂ ನೋಡಬೇಕೆಂದರು. ನಾನು ಎದೆ ಉಬ್ಬಿಸಿ ಮುಂದೆ ನಡೆದೆ. ನಮ್ಮ ಮನೆಯಲ್ಲಿ ನೀರಿನ ಬಾಟಲಿಗೂ ಮುಚ್ಚಳ, ಬಕೆಟ್ಟಿಗೂ ತಟ್ಟೆ. ಆಕೆ ಅಡುಗೆಮನೆ, ಬಚ್ಚಲು ನೋಡಿ ತೃಪ್ತರಾಗಿ, ಬಾಲ್ಕನಿಯ ಮೂಲೆಯ ಪಪ್ಪಾಯಿ ಗಿಡದ ಕುಂಡದ ಬಳಿ ಕುಕ್ಕರುಗಾಲಿನಲ್ಲಿ ಕೂತರು. ಕುಂಡದ ಕೆಳಗಿನ ತಟ್ಟೆಯಲ್ಲಿ ಸೌಟು ಇಳಿಯುವಷ್ಟು ನೀರಿರಲಿಲ್ಲ. ಸಣ್ಣ ಪಿಪೆಟ್ಟಿನಿಂದ ಎಳೆದು ನನ್ನ ಕಣ್ಣ ಮುಂದೆ ಹಿಡಿದರು. ನಾಲ್ಕು ಹುಳಗಳು ಬಳುಕುತ್ತಿದ್ದವು.

"ಈ ಗಿಡ ಯಾಕೆ ಬೆಳೆಸಿದ್ದೀರಿ?"

ಹೆಂಡತಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕುತ್ತಿರಲಿಲ್ಲ. "ಡೆಂಗಿ ಬಂದರ ಇರಲಿ ಅಂತ. ಎಲಿ ರಸ ಕುಡೀತಾರಂತ ಇವರು. ವಾಟ್ಸ್ಯಾಪಿನ್ಯಾಗ ಬಂದಿತ್ತು," ಎಂದು ಹಿಂದಿಯಲ್ಲೂ ಕನ್ನಡದಲ್ಲೂ ಹೇಳಿದಳು.

ತಜ್ಞೆ ನಗಲಿಲ್ಲ. ಜ್ವರ ಬಂದರೆ ಎಲೆ ಹುಡುಕಬೇಡಿ, ಕ್ಲಿನಿಕ್ಕಿಗೆ ಬನ್ನಿ ಎಂದಷ್ಟೇ ಹೇಳಿ ತಟ್ಟೆಯ ನೀರನ್ನು ಚೆಲ್ಲಿದರು. ಹಾಗಾದರೆ ನನ್ನ ಮೊಣಕಾಲಿಗೆ ಕಚ್ಚಿದ್ದು ಪೊರ್ಬುಗಳ ಸೊಳ್ಳೆಯೋ, ನಾನೇ ಸಾಕಿದ್ದೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಮರುದಿನದಿಂದ ಕಟ್ಟಡದ ಗಾಳಿ ಬದಲಾಯಿತು. ಯಾರೂ ಹೇಳದೆ ಇಲಾಖೆಯವರು ಬರುವುದಿಲ್ಲ ಎಂದು ಪೊರ್ಬುಗಳು ಲೆಕ್ಕ ಹಾಕಿದರು. ಅನುಮಾನ ಹೋಗಿ ಕೂತದ್ದು ನಾತೂರನ ಮೇಲೆ. ಕಟ್ಟಡ ನೋಡಿಕೊಳ್ಳುವ ಕಾವಲುಗಾರನನ್ನು ಇಲ್ಲಿ ಎಲ್ಲರೂ ನಾತೂರ್ ಅನ್ನುತ್ತಾರೆ. ನಮ್ಮವನು ಬಾಂಗ್ಲಾದೇಶದವನು, ನನ್ನದೇ ವಯಸ್ಸಿನವನು, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇರುತ್ತಾನೆ. ಡ್ರಮ್ಮು ತುಂಬಿದರೆ ತುಳುಕಿದ ನೀರು ಇಳಿಯುವುದು ಅವನ ಬಾಗಿಲ ಮುಂದೆಯೇ, ಅದಕ್ಕೇ ಅವನು ಹೇಳಿರಬೇಕು ಎಂಬುದು ಅವರ ವಾದ. ದಿನವೂ ಸಂಜೆ ಅವನಿಗೆ ಮೇಲಿನ ಮನೆಯಿಂದ ಹೋಗುತ್ತಿದ್ದ ಚಹಾ ನಿಂತಿತು. ಪೊರ್ಬುಗಳು ಅವನ ಸಲಾಮಿಗೆ ಉತ್ತರ ಕೊಡದೆ ಕಾರು ಹತ್ತುವುದನ್ನು ನಾನು ಬಾಲ್ಕನಿಯಿಂದ ನೋಡಿದೆ. ನೋಡಿ ಒಳಗೆ ಬಂದೆ.

"ಹೋಗಿ ಹೇಳ್ರೀ," ಎಂದಳು ಹೆಂಡತಿ. "ಒಂದ ಮಾತು."

"ನಾಳಿ ಹೇಳ್ತೀನಿ."

"ನಿನ್ನೀನೂ ನಾಳಿನ ಅಂದಿದ್ರಿ."

ಹೇಳುವುದರ ಬದಲು ನಾನು ಬೇರೊಂದು ದಾರಿ ಹಿಡಿದೆ. ಹುಳವೇ ಇಲ್ಲವಾದರೆ ತೋಟ ಉಳಿಯುತ್ತದೆ, ತೋಟ ಉಳಿದರೆ ಫೋನು ಮಾಡಿದ್ದು ಯಾರೆಂಬುದು ಯಾರಿಗೂ ಬೇಕಾಗುವುದಿಲ್ಲ. ಆದ್ದರಿಂದ ಪೊರ್ಬುಗಳನ್ನು ಒಪ್ಪಿಸಬೇಕು. ಬುಧವಾರ ಸಂಜೆ ಸೊಳ್ಳೆಯ ಜೀವನಚಕ್ರದ ಬಣ್ಣದ ಚಿತ್ರವನ್ನು ಆಫೀಸಿನಲ್ಲಿ ದೊಡ್ಡದಾಗಿ ಮುದ್ರಿಸಿಕೊಂಡು ಅವರ ಮನೆಗೆ ಹೋದೆ.

"ಎಂತ ಮಾರಾಯ್ರೆ ಇದು, ಕಟ್ಟಡದ ನಕ್ಷೆಯಾ?" ಎಂದರು.

ನಾನು ಮೊಟ್ಟೆಯಿಂದ ಶುರುಮಾಡಿದೆ. ಅವರು ಮುಗಿಯುವ ತನಕ ಕೇಳಿದರು. ಅದೇ ತೊಂದರೆ, ಅವರು ಸಮಾಧಾನದಿಂದ ಕೇಳಿ, ಆಮೇಲೆ ಒಂದೊಂದಾಗಿ ಕಳಚುತ್ತಾರೆ.

"ಈಗ ನಾನು ಕೇಳ್ತೇನೆ, ನೀವು ಹೇಳಿ. ಮೊಟ್ಟೆಯ ಹಳದಿ ತಿನ್ನಬಾರದು ಅಂತ ನನ್ನತ್ರ ಹೇಳಿದ್ದು ಯಾರು?"

"ನಾನೇ."

"ಆಮೇಲೆ ತಿನ್ನಬಹುದು ಅಂದದ್ದು?"

"ಅದೂ ನಾನೇ. ಆಗ ಹೊಸ ಸಂಶೋಧನೆ ಬಂದಿತ್ತು ಪೊರ್ಬುಗಳೇ."

"ಮೈಕ್ರೋವೇವಿನ ಎದುರು ನಿಲ್ಲಬೇಡಿ ಅಂತ ಬಾಯಮ್ಮನನ್ನು ಹೆದರಿಸಿದ್ದು? ಆರು ತಿಂಗಳು ಅವಳು ಬಾಗಿಲ ಹೊರಗೆ ನಿಂತು ಸಾರು ಬಿಸಿ ಮಾಡಿದಳು. ಗೊತ್ತುಂಟಾ ನಿಮಗೆ?"

ಒಳಗಿನಿಂದ ಬಾಯಮ್ಮ, "ಅದು ಹೌದು," ಎಂದರು.

"ನೀವು ಒಳ್ಳೆ ಜನ, ಧಾರವಾಡದವ್ರೆ. ಆದ್ರೆ ನೀವು ಎಲ್ಲವನ್ನೂ ನಂಬ್ತೀರಿ. ಎಲ್ಲವನ್ನೂ ನಂಬುವವರ ಮಾತು ನಾನು ಹೇಗೆ ನಂಬುದು?"

ನಾನು ನಕ್ಷೆ ಸುತ್ತಿಕೊಂಡು ಇಳಿದು ಬಂದೆ. ವಿಜ್ಞಾನಕ್ಕೆ ನನ್ನಿಂದ ಆದಷ್ಟು ನಷ್ಟ ಅದರ ವಿರೋಧಿಗಳಿಂದಲೂ ಆಗಿರಲಾರದು.

ಗುರುವಾರ ಆ ಸೊಳ್ಳೆ ತಜ್ಞೆ ತಾವಾಗಿಯೇ ಬಂದರು, ಸೌಟಿಲ್ಲದೆ. ಪಕ್ಕದ ಬೀದಿಯಲ್ಲಿ ಕೆಲಸವಿತ್ತಂತೆ. ಬಾಯಮ್ಮ ಚಹಾ ಕೊಟ್ಟರು. ಪೊರ್ಬುಗಳು ಕೈಕಟ್ಟಿ ಕೂತಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ಮೆಟ್ಟಿಲ ಮೇಲೆ ಬಿಳಿ ಶೂ ಕಂಡು ನಾನೇ ಹತ್ತಿಹೋಗಿದ್ದೆ. ಆಕೆ ಸೊಳ್ಳೆಯ ಮಾತೇ ಎತ್ತಲಿಲ್ಲ. ಬಸಳೆ ಎಲೆಯೊಂದನ್ನು ಮುಟ್ಟಿ, ಇಷ್ಟು ದಪ್ಪವಾಗಿ ಹೇಗೆ ಬಂತು, ಏನು ಹಾಕುತ್ತೀರಿ ಎಂದು ಕೇಳಿದರು.

"ಗಂಜಿ ತೆಳಿ," ಎಂದರು ಬಾಯಮ್ಮ ಹೆಮ್ಮೆಯಿಂದ. ಕುಚ್ಚಲಕ್ಕಿ ಬೇಯಿಸಿ ಬಸಿದ ನೀರು. "ದಿನಾ ಡ್ರಮ್ಮಿಗೆ ಹಾಕಿ ಇಡುದು. ಎರಡು ದಿನ ಹುಳಿ ಬಂದ್ರೆ ಗಿಡಕ್ಕೆ ಒಳ್ಳೆದು. ಮೀನು ತೊಳೆದ ನೀರು ಬುಡಕ್ಕೇ."

ಆಕೆಯ ಕಣ್ಣು ಒಂದು ಕ್ಷಣ ಅರಳಿತು. ಆದರೂ, 'ಅಂದರೆ ಅದು ಶುದ್ಧ ನೀರಲ್ಲವಲ್ಲ' ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನತ್ತ ಒಂದು ನೋಟ ಬೀರಿ ಸುಮ್ಮನಿರಿಸಿದರು. ಪೊರ್ಬುಗಳನ್ನು ಕೇಳಿದರು: "ನಮ್ಮ ಮೇಲೆ ನಿಮಗೆ ಸಿಟ್ಟು ಯಾಕೆ? ಸೊಳ್ಳೆಯ ವಿಷಯಕ್ಕಂತೂ ಅಲ್ಲ ಅನ್ನಿಸುತ್ತದೆ."

ಪೊರ್ಬುಗಳು ಕಟ್ಟಿದ ಕೈ ಬಿಚ್ಚಿದರು. ಆಮೇಲೆ ಹೇಳಿದರು. ಹಿಂದೆ ಅವರಿದ್ದ ಕಟ್ಟಡದಲ್ಲಿ ಒಂದು ಕರಿಬೇವಿನ ಗಿಡ ಇತ್ತು. ಬೆರಳುದ್ದದ ಸಸಿಯಿಂದ ಒಂಬತ್ತು ವರ್ಷ ಬೆಳೆಸಿದ್ದು. ಒಂದು ದಿನ ಅವರು ಕೆಲಸಕ್ಕೆ ಹೋಗಿದ್ದಾಗ ಆ ಮಾಲೀಕ ಕಳಿಸಿದ ಜನ ಬಂದು, ಆರೋಗ್ಯಕ್ಕೆ ಹಾಳು ಎಂದು ಹೇಳಿ, ಕುಂಡ ಸಮೇತ ಎಲ್ಲವನ್ನೂ ಕಸದ ತೊಟ್ಟಿಗೆ ಹಾಕಿದರು. ಸಂಜೆ ಬಂದು ನೋಡಿದರೆ ಬೇರು ಮೇಲೆ, ಎಲೆ ಕೆಳಗೆ.

"ಹೆಲ್ತ್ ಅಂದ್ರೆ ನನಗೆ ಆ ತೊಟ್ಟಿ ಕಾಣ್ತದೆ. ಅಷ್ಟೇ," ಎಂದರು.

ಇಷ್ಟು ವರ್ಷದ ನೆರೆಹೊರೆಯಲ್ಲಿ ನನಗೆ ಈ ಸಂಗತಿ ಗೊತ್ತಿರಲಿಲ್ಲ. ನಾನು ಅವರಿಗೆ ಬಹಳಷ್ಟು ಹೇಳಿದ್ದೆ, ಏನನ್ನೂ ಕೇಳಿರಲಿಲ್ಲ.

"ನಾನು ಬಂದದ್ದು ಗಿಡಕ್ಕಲ್ಲ," ಎಂದರು ಆಕೆ. "ನನ್ನ ಮಾತನ್ನು ನೀವು ನಂಬುವುದೂ ಬೇಡ. ನೀವು ಸ್ಟೋರ್ ನೋಡಿಕೊಳ್ಳುವವರು. ಬಂದ ಮಾಲನ್ನು ನೋಡದೆ ಸಹಿ ಹಾಕುತ್ತೀರಾ?"

"ಛೆ. ಹೇಗೆ ಹಾಕುದು!"

"ಹಾಗಾದರೆ ನೀವೇ ನೋಡಿ."

ಮೂರು ಗಾಜಿನ ಉಪ್ಪಿನಕಾಯಿ ಭರಣಿಗಳು ಬಂದವು. ಒಂದರಲ್ಲಿ ಬರೀ ಎ.ಸಿ. ನೀರು. ಇನ್ನೊಂದರಲ್ಲಿ ಎ.ಸಿ. ನೀರಿಗೆ ಒಂದು ಸೌಟು ತೆಳಿ. ಮೂರನೆಯದರಲ್ಲೂ ಅದೇ, ಆದರೆ ಬಾಯಿಗೆ ಬಟ್ಟೆ ಬಿಗಿದದ್ದು. ಮೂರನ್ನೂ ಚಪ್ಪರದ ನೆರಳಿನಲ್ಲಿಡಬೇಕು, ದಿನಾ ನೋಡಬೇಕು, ಹುಳ ಕಂಡ ಕೂಡಲೇ ಆ ಭರಣಿಗೂ ಬಲೆ ಕಟ್ಟಬೇಕು. ಡ್ರಮ್ಮುಗಳ ನೀರನ್ನಂತೂ ಆವತ್ತೇ ಗಿಡಗಳಿಗೆ ಸುರಿದು, ಒಳಗೋಡೆ ತಿಕ್ಕಿ, ಒಣಗಿಸಿ ಕವುಚಿ ಹಾಕುವುದೆಂದು ಮಾತಾಯಿತು. ಪೊರ್ಬುಗಳು ಒಪ್ಪಿದರು. ಒಂದೇ ಷರತ್ತು ಹಾಕಿದರು: ಧಾರವಾಡದವರು ಭರಣಿ ಮುಟ್ಟಬಾರದು.

ಗ್ಯಾರೇಜಿನಿಂದ ದಾರದ ಚೀಟಿಗಳು ಬಂದವು. ಬಿಡಿಭಾಗಗಳಿಗೆ ಕಟ್ಟುತ್ತಾರಲ್ಲ, ಅಂಥವು. ಪೊರ್ಬುಗಳು ದಿನಾ ಬೆಳಿಗ್ಗೆ ಆರಕ್ಕೆ, ಕೆಲಸಕ್ಕೆ ಹೊರಡುವ ಮುಂಚೆ, ಟಾರ್ಚು ಹಿಡಿದು ನೋಡಿ, ಚೀಟಿಯ ಮೇಲೆ ಬರೆಯುತ್ತಿದ್ದರು. 'ಇಲ್ಲ.' 'ಇಲ್ಲ.' ನಾನು ಮುಟ್ಟುತ್ತಿರಲಿಲ್ಲ, ಆದರೆ ಅವರ ಕಾರು ಹೊರಟ ಮೇಲೆ ಹೋಗಿ ಓದಿ ಬರುತ್ತಿದ್ದೆ. ನಾಲ್ಕನೆಯ ದಿನ ತೆಳಿಯ ಭರಣಿಯ ಚೀಟಿಯಲ್ಲಿ 'ಉಂಟು' ಎಂದಿತ್ತು. ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, 'ತುಂಬ' ಎಂದಿತ್ತು. ಬರೀ ಎ.ಸಿ. ನೀರಿನಲ್ಲಿ ಒಂದೂ ಇರಲಿಲ್ಲ. ಬಟ್ಟೆ ಬಿಗಿದದ್ದರಲ್ಲೂ ಇರಲಿಲ್ಲ.

ಮತ್ತೆ ನಾಲ್ಕು ದಿನಕ್ಕೆ, ಬೆಳಗಾಗುತ್ತಿದ್ದಂತೆ, ಅವರೇ ನನ್ನ ಬಾಗಿಲು ಬಡಿದರು. "ಬನ್ನಿ ಮಾರಾಯ್ರೆ, ಬೇಗ. ಚಪ್ಪಲಿ ಎಲ್ಲ ಬೇಡ."

ಬಲೆಯ ಕೆಳಗೆ, ನೀರಿನ ಮೇಲೆ, ಒಂದು ಸೊಳ್ಳೆ ತನ್ನ ಸಿಪ್ಪೆಯಿಂದ ಹೊರಬರುತ್ತಿತ್ತು. ಮೊದಲು ಬೆನ್ನು, ಆಮೇಲೆ ತಲೆ, ಆಮೇಲೆ ಒಂದೊಂದೇ ಕಾಲು. ಪೂರ್ತಿ ಹೊರಗೆ ಬಂದು ನೀರಿನ ಮೇಲೆ, ನೆಲದ ಮೇಲೆ ನಿಂತ ಹಾಗೆ, ನಿಂತುಕೊಂಡಿತು. ಕಾಲಿಗೆ ಬಿಳಿ ಪಟ್ಟೆ. ನಾವಿಬ್ಬರೂ ಮಂಡಿಯೂರಿ ಉಸಿರು ಬಿಗಿಹಿಡಿದು ನೋಡಿದೆವು.

"ಚಂದ ಉಂಟಲ್ಲ ಮಾರಾಯ್ರೆ," ಎಂದರು ಪೊರ್ಬುಗಳು.

ಆ ಸಂಜೆ ಭರಣಿ ಒಯ್ಯಲು ತಜ್ಞೆ ಬಂದಾಗ ಪೊರ್ಬುಗಳು ತೀರ್ಪು ಕೊಟ್ಟರು. "ಎ.ಸಿ. ನೀರಿಂದು ತಪ್ಪಿಲ್ಲ. ತಪ್ಪು ತೆಳಿದು. ನನ್ನ ಮಾತೇ ಸರಿ."

"ಒಂದು ಒಣಗಿದ ಎಲೆ ಬಿದ್ದರೂ ಸಾಕು, ಬರೀ ಎ.ಸಿ. ನೀರಿನಲ್ಲೂ ಬರುತ್ತದೆ," ಎಂದರು ಆಕೆ. "ಆದರೆ ಇರಲಿ, ನಿಮ್ಮ ತೀರ್ಪು ನಿಮಗೆ. ನನಗೆ ಬೇಕಾದದ್ದು ಮೂರನೆಯ ಭರಣಿಯ ಬಟ್ಟೆ. ಅದನ್ನು ಡ್ರಮ್ಮಿಗೆ ಕಟ್ಟುತ್ತೀರಾ?"

"ಕಟ್ಟುವ. ಅದರಲ್ಲಿ ಎಂತ ಉಂಟು."

ಇಷ್ಟು ಸುಲಭ. ನಾನಾಗಿದ್ದರೆ ಆ ತೀರ್ಪನ್ನು ತಿದ್ದಲು ಹೊರಟು, ಬಟ್ಟೆಯನ್ನೂ ಕಳೆದುಕೊಳ್ಳುತ್ತಿದ್ದೆ.

ಮರುದಿನ ಶುಕ್ರವಾರ, ಅದರ ಮರುದಿನವೇ ಪರೀಕ್ಷೆ. ಹೂವಿನ ಒಂಬತ್ತು ದಿನಗಳೂ ಶುರುವಾಗಿಬಿಟ್ಟಿದ್ದವು. ಮಲ್ಲಿಗೆ ಮೊಗ್ಗು ಕಚ್ಚಿ ನಿಂತಿತ್ತು. ಪೊರ್ಬುಗಳು ಬಿಳಿ ಸೊಳ್ಳೆಪರದೆಯ ಬಟ್ಟೆ ತಂದಿದ್ದರು. ಅದನ್ನು ಬಿಗಿಯಲು, ಗ್ಯಾರೇಜಿನ ಹಳೆಯ ಟಯರಿನ ಟ್ಯೂಬನ್ನು ಬಳೆಯ ಹಾಗೆ ಅಡ್ಡಡ್ಡ ಕತ್ತರಿಸಿದ ರಬ್ಬರಿನ ಉಂಗುರಗಳು. ತೆಳಿ ಇನ್ನು ಮೇಲೆ ನೇರವಾಗಿ ಬುಡಕ್ಕೇ ಎಂದು ಬಾಯಮ್ಮ ಒಪ್ಪಿದ್ದರು. ಎಲ್ಲ ಸರಿ, ಆದರೆ ಡ್ರಮ್ಮುಗಳನ್ನು ಇಟ್ಟಿಗೆ ಜೋಡಿಸಿದ ಹೊಸ ಕಟ್ಟೆಯ ಮೇಲೆ ಎತ್ತಿ ಕೂರಿಸಲು ಇನ್ನೊಬ್ಬ ಆಳು ಬೇಕಿತ್ತು. ನನ್ನ ಬೆನ್ನನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

"ನಾತೂರನನ್ನು ಕರೆಯೋಣ," ಎಂದೆ.

"ಅವನು ಬೇಡ. ಫೋನು ಮಾಡಿ ದೂರು ಕೊಟ್ಟವನ ಹತ್ತಿರ ಡ್ರಮ್ ಹಿಡಿಸುದಾ?"

ಇದಕ್ಕಿಂತ ಡೆಂಗಿಯೇ ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಪೊರ್ಬುಗಳೇ, ಫೋನು ಮಾಡಿದ್ದು ನಾನು."

ರಬ್ಬರಿನ ಉಂಗುರ ಅವರ ಕೈಯಲ್ಲೇ ಉಳಿಯಿತು. ಬೆಂಡೆಗಿಡದ ಹತ್ತಿರ ಬಗ್ಗಿದ್ದ ಬಾಯಮ್ಮ ನೆಟ್ಟಗಾದರು. ನಾನು ಸೊಳ್ಳೆ ಕೂತದ್ದು, ಕನ್ನಡಕ ಹಾಕಿದ್ದು, ಎಲ್ಲ ಹೇಳಿದೆ. ಬೇಕಿಲ್ಲದಷ್ಟು ಹೇಳಿದೆ. ಮೊದಲು ಮಾತಾಡಿದ್ದು ಬಾಯಮ್ಮ.

"ನಮ್ಮ ಮನೆಗೆ ದಿನಾ ಬರ್ತೀರಿ. ಒಂದು ಮಾತು ನಮ್ಮತ್ರ ಹೇಳಬಹುದಿತ್ತಲ್ಲ?"

"ಹೇಳಿದ್ದರೆ ನೀವು ಕೇಳ್ತಿರಲಿಲ್ಲ ಬಾಯಮ್ಮ."

"ಕೇಳ್ತಿರಲಿಲ್ಲ. ಅದು ಹೌದು. ಆದ್ರೂ ಹೇಳಬೇಕಿತ್ತು."

ಪೊರ್ಬುಗಳು ಉಂಗುರವನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದರು. ಕಾರು ಹತ್ತಿ ಹೋದರೇನೋ ಅಂದುಕೊಂಡೆ. ಐದು ನಿಮಿಷ ಬಿಟ್ಟು ನಾತೂರನ ಜೊತೆ ಮೇಲೆ ಬಂದರು. ಅವನಿಗೆ ಏನು ಹೇಳಿದ್ದರೋ, ಅವನು ನಗುತ್ತಿದ್ದ. ನನ್ನನ್ನು ನೋಡಿ ಇನ್ನೂ ನಕ್ಕ.

"ಅಚ್ಛಾ ಕಿಯಾ ಸಾಬ್. ಮಚ್ಛರ್ ತೋ ಸಬ್‌ಸೇ ಜ್ಯಾದಾ ಮುಝೇ ಕಾಟ್‌ತಾ ಹೈ," ಎಂದ. ಒಳ್ಳೆಯದು ಮಾಡಿದಿರಿ, ಸೊಳ್ಳೆ ಎಲ್ಲರಿಗಿಂತ ಹೆಚ್ಚು ಕಚ್ಚುವುದು ತನಗೇ ಎಂದು ಲುಂಗಿ ಸ್ವಲ್ಪ ಎತ್ತಿ ಕಾಲು ತೋರಿಸಿದ. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಕೆಂಪು ಚುಕ್ಕೆ. ಮೆಟ್ಟಿಲ ಕೆಳಗಿನ ಅವನ ಕೋಣೆಗೆ ಎ.ಸಿ. ಇಲ್ಲ, ಕಿಟಕಿ ಸದಾ ತೆರೆದಿರುತ್ತದೆ. ಸೊಳ್ಳೆಗಳ ಬಗ್ಗೆ ಹತ್ತು ದಿನ ವಾದ ಮಾಡಿದ ನಮ್ಮಿಬ್ಬರಿಗೂ ಅದು ಹೊಳೆದೇ ಇರಲಿಲ್ಲ.

ಪೊರ್ಬುಗಳು ಆ ಕಾಲನ್ನು ನೋಡಿದರು. ಉಳಿದಿದ್ದ ಪರದೆ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟು, "ಇದು ನಿನ್ನ ಕಿಟಕಿಗೆ. ಸಂಜೆ ನಾನೇ ಬಂದು ಹೊಡೆದು ಕೊಡ್ತೇನೆ," ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ ಕನ್ನಡದಲ್ಲಿ, ನನ್ನ ಕಡೆ ತಿರುಗಿ: "ಮತ್ತೆ ನಿಮಗೆ ಬೇರೆ ಕೆಲಸ ಇಲ್ವಾ? ಹಿಡಿಯಿರಿ ಆ ಕಡೆ. ಯಲ್ಲಾ, ಬೇಗ."

ಶನಿವಾರ ತಜ್ಞೆ ಬಂದು ಸೌಟು ಅದ್ದಿದರು. ಒಂದೊಂದು ಡ್ರಮ್ಮಿಗೂ ಮೂರು ಸಲ. ಟ್ಯೂಬಿನ ಉಂಗುರವನ್ನು ಎಳೆದು ಬಿಟ್ಟು ನೋಡಿದರು. ಅದು ಠಪ್ಪೆಂದು ಕೂತಿತು. ಪೆಟ್ಟಿಗೆಗಳ ಸಂದಿ, ಪೈಪಿನ ಬಾಯಿ, ನನ್ನ ಬಾಲ್ಕನಿ, ಎಲ್ಲ ಮುಗಿಸಿ ಫಾರಮ್ಮು ಬರೆಯುತ್ತಿದ್ದಾಗ ಅವರಿಗೆ ಫೋನು ಬಂತು. ಇನ್ನೊಂದು ಕಡೆ ತುರ್ತಾಗಿ ಹೋಗಬೇಕಿತ್ತು. ಅಂಚಿನಲ್ಲಿ ಏನೋ ಗೀಚಿ, ನಕಲು ಹರಿದು ಪೊರ್ಬುಗಳ ಕೈಗಿಟ್ಟು, ಕೈಬೀಸಿ ಓಡಿದರು.

ಹುಳದ ಕಾಲಂನಲ್ಲಿ ಸೊನ್ನೆ ಇತ್ತು. ಅದನ್ನು ನಾನೂ ಓದಬಲ್ಲೆ. ಆದರೆ ಅಂಚಿನಲ್ಲಿ ಅರಬ್ಬಿಯಲ್ಲಿ ಎರಡು ಸಾಲು.

"ಇದೇನಿದು?" ಎಂದೆ. "ಹುಳ ಇಲ್ಲದಿದ್ದರೆ ಬರೆಯಲು ಏನಿದೆ? ಮಾಲೀಕನಿಗೆ ಬರೆದದ್ದಿರಬೇಕು. ಏನಾದರೂ ಷರತ್ತು ಇರಬೇಕು. ತೆಗೆಸಿ ಅಂತಲೂ ಇರಬಹುದು." ಮೊಬೈಲಿನಲ್ಲಿ ಫೋಟೋ ಹಿಡಿದು ಅನುವಾದಕ್ಕೆ ಕೊಟ್ಟೆ. ಕೈಬರಹ ನೋಡಿದ ಮೊಬೈಲು 'ಒಂಟೆ ನಾಳೆ' ಎಂದಿತು.

"ಸುಮ್ಮನಿರಿ ಮಾರಾಯ್ರೆ," ಎಂದರು ಪೊರ್ಬುಗಳು. ಆದರೆ ಅವರೂ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಪ್ಪತ್ತಾರು ವರ್ಷ ಗ್ಯಾರೇಜಿನಲ್ಲಿ ಅರಬ್ಬಿ ಮಾತಾಡಿದವರು ಅವರು. ಜಗಳವನ್ನೂ ಜೋಕನ್ನೂ ಅರಬ್ಬಿಯಲ್ಲೇ ಮಾಡಬಲ್ಲರು. ಒಂದಕ್ಷರ ಓದಲು ಬರುವುದಿಲ್ಲ.

ನೀರಿನ ಪೈಪು ಸುತ್ತುತ್ತಿದ್ದ ನಾತೂರ್ ಕೈ ಒರೆಸಿಕೊಂಡು ಬಂದ. ಚಿಕ್ಕವನಿದ್ದಾಗ ಮದರಸಾದಲ್ಲಿ ಅರಬ್ಬಿ ಓದಲು ಕಲಿತವನು. ಇಲ್ಲಿಯ ಬೋರ್ಡುಗಳನ್ನೆಲ್ಲ ಓದುತ್ತಾನೆ. ಅರ್ಥ ಮಾತ್ರ ಅಷ್ಟಕ್ಕಷ್ಟೇ. ಅವನು ಕಾಗದವನ್ನು ಬೆಳಕಿಗೆ ಹಿಡಿದು, ಒಂದೊಂದೇ ಶಬ್ದವನ್ನು ಬಿಡಿಸಿ, ಪ್ರಾರ್ಥನೆಯ ರಾಗದಲ್ಲಿ ಓದತೊಡಗಿದ. ಪೊರ್ಬುಗಳು ಕಣ್ಣು ಮುಚ್ಚಿ ಕೇಳಿ, ಒಂದೊಂದನ್ನೇ ಕನ್ನಡಕ್ಕೆ ತಂದರು.

"ಮುಚ್ಚಳ... ಗಟ್ಟಿ ಉಂಟು." ನಾತೂರ್ ಮುಂದಿನ ಶಬ್ದಕ್ಕೆ ತಡಕಾಡಿದ, ಎರಡು ಸಲ ತಪ್ಪಿದ, ಮೂರನೆಯ ಸಲ ಸಿಕ್ಕಿತು. "ಬೇರೆ ಕಟ್ಟಡದವರಿಗೆ... ತೋರಿಸಬಹುದು."

"ಗಿಡ? ಗಿಡದ ಬಗ್ಗೆ?" ಎಂದರು ಬಾಯಮ್ಮ.

ನಾತೂರ್ ಎರಡನೆಯ ಸಾಲಿಗೆ ಹೋದ. ಅದು ಚಿಕ್ಕದು, ಮೂರೇ ಶಬ್ದ. ಅವನು ಓದಿದ. ಪೊರ್ಬುಗಳು ಇನ್ನೊಂದು ಸಲ ಓದಿಸಿದರು. ಮತ್ತೆ ಕಣ್ಣು ತೆರೆದರು.

"ಗಿಡ ಇರಲಿ, ಅಂತ."

ಬಾಯಮ್ಮ ಶಿಲುಬೆಯ ಗುರುತು ಹಾಕಿಕೊಂಡರು, ಬುಟ್ಟಿ ಎತ್ತಿಕೊಂಡರು, ಮಲ್ಲಿಗೆಯ ಕಡೆ ನಡೆದರು. ಆ ಸಂಜೆಯ ಮಕ್ಕಳಿಗೆ ಹೂವು ಬೇಕಿತ್ತು. ನಮ್ಮೆಲ್ಲರನ್ನೂ ಕೀಳಲು ಕರೆದರು. ನನಗೆ ಮಾತ್ರ ಮೊಗ್ಗನ್ನು ತೊಟ್ಟು ಸಮೇತ ಕೀಳಬಾರದೆಂದು ಮೂರು ಸಲ ಹೇಳಿದರು.